ಅರವತ್ತಾರು

ಪೋರ್ಟ್ ಕೆಂಬ್ಲಾದ ಬೀದಿಯಂಚಿನಲ್ಲಿ
ಕೌನ್ಸಿಲ್ಲಿನ ಕಸದ ಲಾರಿ ಬರುವ ಹಿಂದಿನ ಸಂಜೆ
ಹರಿದ ಹಾಸಿಗೆ, ಕಾಲು ಮುರಿದ ಟ್ರಾಂಪೊಲಿನ್ ನಡುವೆ
ವಾಲಿಕೊಂಡು ನಿಂತಿತ್ತು ಈ ಕಂಪ್ಯೂಟರ್ ಡಬ್ಬ.
ನಶ್ಯ ಸೇದುವವರ ಕರವಸ್ತ್ರದ ಬಣ್ಣ.
ಎತ್ತಿದೆ. ಅಬ್ಬಾ, ಭಾರ!
ಆಗಿನವರು ತಗಡಿನಲ್ಲಿ ಜಿಪುಣತನ ಮಾಡುತ್ತಿರಲಿಲ್ಲ.

ಬಸ್ಸು ಡಿಪೋಗೆ ಬಿಟ್ಟು ಬಂದವಳು, ಇನ್ನೂ ಸಮವಸ್ತ್ರದಲ್ಲೇ ಇದ್ದೆ.
ಬೇಲಿಯಾಚೆಯಿಂದ ಬ್ಲಾಗೋಯಜ್ಜ ನೋಡಿ
"ಅದರೊಳಗೆ ಏನೂ ಇಲ್ಲ" ಅಂದ.
"ಏನೂ ಇಲ್ಲ ಅಂತಲೇ ತಂದೆ" ಅಂದೆ.
ಕೇಳಿಸಲಿಲ್ಲ. ಮೂವತ್ತೊಂದು ವರ್ಷ
ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲು
ಅವನ ಕಿವಿಗಳನ್ನು ಕೈಗಡ ಒಯ್ದು
ತಿರುಗಿ ಕೊಟ್ಟಿರಲಿಲ್ಲ.

ಏನೂ ಇಲ್ಲ ಅನ್ನುವುದೂ ಸುಳ್ಳೇ:
ಒಂದು ಜೇಡ, ಒಂದು ಹೇರ್‌ಪಿನ್ನು,
ಯಾರದೋ ಬೆಕ್ಕಿನ ರೋಮ,
ಡ್ರೈವ್ ಕೂರಿಸುವ ಪಂಜರದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
ಒಂದು ಕೂಡುವ ಲೆಕ್ಕ,
ಉತ್ತರ ತಪ್ಪು.

ಹೊಸ ಬೋರ್ಡು ಇಟ್ಟು ನೋಡಿದೆ.
ಸ್ಕ್ರೂವಿನ ಒಂದು ತೂತೂ ಇನ್ನೊಂದಕ್ಕೆ ಮುಖ ಕೊಡಲಿಲ್ಲ.
ಬೆನ್ನಲ್ಲಿ ಕೀಬೋರ್ಡಿಗೆಂದು ಒಂದೇ ದುಂಡು ಕಿಂಡಿ;
ಈಗಿನದಕ್ಕೋ ಅಗಲ ಬಾಯಿ ಬೇಕು,
ನೂರೈವತ್ತೊಂಬತ್ತಕ್ಕೆ ನಲವತ್ತೈದು ಮಿಲಿಮೀಟರು.
ಗ್ರಾಫಿಕ್ಸ್ ಕಾರ್ಡು ನೆಂಟರ ಮನೆಗೆ ಬಂದ ಭಾವನಂತೆ
ಕಾಲು ಚಾಚಿ ಪಂಜರಕ್ಕೆ ಒದೆಯುತ್ತಿತ್ತು.

ಮೊದಲ ಶನಿವಾರ ಗ್ರೈಂಡರ್ ಹಿಡಿದೆ.
ಕಿಡಿ ಹಾರಿತು, ಕೈ ಜಾರಿತು,
ಪಕ್ಕೆಯ ಮೇಲೆ ಗೇಣುದ್ದ ಗೀರು.
ಕುಂಬಾರನಿಗೆ ವರುಷ...
ಗಾದೆ ಪೂರ್ತಿ ಮಾಡಲಿಲ್ಲ,
ದೊಣ್ಣೆ ನನ್ನ ಕೈಯಲ್ಲೇ ಇತ್ತಲ್ಲ.

ಅಜ್ಜ ಬಂದ. ಮಾತಿಲ್ಲದೆ ಪ್ಲಗ್ಗು ಕಿತ್ತ.
ಜೇಬಿನಿಂದ ಒಂದು ಅರ ತೆಗೆದ,
ಹಿಡಿಯ ಮರ ಅವನ ಬೆರಳುಗಳ ಅಚ್ಚಿಗೆ ಸವೆದದ್ದು.
ಎಡ ಅಂಗೈ ತಗಡಿನ ಮೇಲೆ ಊರಿ
ಬಲಗೈಯಿಂದ ಉಜ್ಜತೊಡಗಿದ.
ಮಗುವಿನ ಜ್ವರ ನೋಡುವ ಹಾಗೆ ಇತ್ತು ಆ ಎಡಗೈ:
ಎಲ್ಲಿ ಕಂಪಿಸುತ್ತದೋ ಅಲ್ಲಿ ನಿಲ್ಲಿಸುವನು,
ಎಲ್ಲಿ ಸುಮ್ಮನಾಗುತ್ತದೋ ಅಲ್ಲಿ ಒತ್ತುವನು.

ನಾಲ್ಕು ಶನಿವಾರ ಹಿಡಿಯಿತು ಒಂದು ಬಾಯಿ.
ಅವನ ಹೆಂಡತಿ ಸ್ಲಾವಿಂಕಾ ಬ್ರೆಡ್ಡಿನ ಜೊತೆ ಕಳಿಸಿದಳು
ಸುಟ್ಟ ಕೆಂಪು ಮೆಣಸಿನಕಾಯಿ ಅರೆದ ಬಾಟಲಿ.
ಅವರ ಭಾಷೆಯಲ್ಲಿ ಅದಕ್ಕೆ ಐವರ್ ಅಂತಾರೆ.
ಖಾರವೇ ಇರಲಿಲ್ಲ, ಆದರೂ
ನಾನು ರಂಜಕ ಅಂದುಕೊಂಡೇ ತಿಂದೆ.

ಪಂಜರ ಅರ್ಧಕ್ಕೆ ಕತ್ತರಿಸಿದಾಗ
ಲೆಕ್ಕವೂ ತುಂಡಾಯಿತು.
ಕೂಡಬೇಕಾದ ಅಂಕಿಗಳೆಲ್ಲ ಕಸಕ್ಕೆ ಹೋಗಿ
ಉಳಿದದ್ದು ಉತ್ತರವೊಂದೇ.
ಈಗ ಅದನ್ನು ತಪ್ಪು ಅನ್ನುವ ಹಾಗಿಲ್ಲ.

ಮುಖದ ಮೇಲೆ ಕೀಲಿಯಿಲ್ಲದ ಬೀಗ,
ಟರ್ಬೋ ಅನ್ನುವ ಗುಂಡಿ,
ಎರಡಂಕಿಯ ಹಸಿರು ಕಿಟಕಿ.
ತಂತಿಗೆ ಐದು ವೋಲ್ಟು ಮುಟ್ಟಿಸಿದರೆ
ನಿದ್ದೆಗಣ್ಣಲ್ಲೇ ಹೇಳಿತು: ಅರವತ್ತಾರು.
ಒಳಗಿನ ಚಿಪ್ಪಿನ ವೇಗ ಅದು ಅಂತ ಜನ ನಂಬಿದ್ದರು.
ತಿರುಗಿಸಿ ನೋಡಿದೆ. ಅದು ಏನನ್ನೂ ಅಳೆಯುತ್ತಿರಲಿಲ್ಲ.
ಯಾವುದೋ ಅಂಗಡಿಯ ಹುಡುಗ ಪಿನ್ನುಗಳಿಗೆ ಪುಟ್ಟ ಟೊಪ್ಪಿಗೆ ತೊಡಿಸಿ
ಕೂರಿಸಿದ ಅಂಕಿ.
ಯಂತ್ರ ಓಡಲಿ, ಕುಂಟಲಿ, ಅದೇ ಅರವತ್ತಾರು.

ನಗು ಬಂತು.
ನನ್ನ ಎದೆಯ ಬಿಲ್ಲೆಯ ಮೇಲೂ ಡಿಪೋದವರು
"ವಸು" ಅಂತ ಅಚ್ಚು ಹಾಕಿಸಿದ್ದಾರೆ,
ವಸುಂಧರೆಗೆ ಜಾಗ ಸಾಲದೆಂದು.

ಟೊಪ್ಪಿಗೆ ಸರಿಸಿ ಬೇರೆ ಅಂಕಿ ಹಾಕೋಣವೆಂದಿದ್ದೆ.
ಅಜ್ಜ ಬಗ್ಗಿ ನೋಡಿದ. "ಏನದು ಅರವತ್ತಾರು?"
"ಸುಳ್ಳು" ಅಂತ ಕಿವಿಯ ಹತ್ತಿರ ಕೂಗಿದೆ.
"ಇರಲಿ ಬಿಡು. ನನಗಿಂತ ಹನ್ನೆರಡು ವರ್ಷ ಚಿಕ್ಕದು."

ಟರ್ಬೋ ಒತ್ತಿದೆ. ಈಗ ಅದೇ ಪವರ್ ಗುಂಡಿ.
ದೊಡ್ಡ ಫ್ಯಾನು, ಸದ್ದೇ ಇಲ್ಲ.
ಹತ್ತಿತೋ ಇಲ್ಲವೋ, ನನಗೇ ಅನುಮಾನ.
ಪರದೆಯನ್ನು ಇನ್ನೂ ಜೋಡಿಸಿರಲಿಲ್ಲ.
ಅಜ್ಜ ಮುಂದೆ ಬಂದು
ಗೀರಿನ ಮೇಲೇ ಎಡ ಅಂಗೈ ಇಟ್ಟ,
ಕಣ್ಣು ಮುಚ್ಚಿದ,
ಓಡ್ತಿದೆ ಅಂದ.